ವರದಿಯಲ್ಲಿ ನಾವು ಓದದೆ ಬಿಟ್ಟ ಸಾಲು

(ಜಮಾಅತ್‌ನ ಸಭಾಭವನದಲ್ಲಿ ಏರ್ಪಡಿಸಲಾಗಿದ್ದ ರಕ್ತದೊತ್ತಡ ಮತ್ತು ನೇತ್ರ ತಪಾಸಣಾ ಶಿಬಿರದ ಆರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಮೊದಲಿಗೇ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಾವು ವೈದ್ಯರಲ್ಲ. ಮದ್ರಸಾದಲ್ಲಿ ಅರಬಿ ವ್ಯಾಕರಣವನ್ನೂ ಕಾಲೇಜಿನಲ್ಲಿ ಇತಿಹಾಸವನ್ನೂ ಓದಿ ಪತ್ರಿಕೆಯ ಕೆಲಸಕ್ಕೆ ಬಂದವರು. ಸಂಘಟಕರು ನಮ್ಮನ್ನು ಕರೆದಾಗ, ವೇದಿಕೆಯಲ್ಲಿ ಇಷ್ಟು ಮಂದಿ ವೈದ್ಯರಿರುವಾಗ ನಮ್ಮದೇನು ಕೆಲಸ ಎಂದು ಕೇಳಿದೆವು. ವೈದ್ಯರು ಹೇಳಿದ್ದನ್ನು ಮನೆಗಳ ಭಾಷೆಯಲ್ಲಿ ಹೇಳುವವರೊಬ್ಬರು ಬೇಕು ಎಂಬ ಉತ್ತರ ಬಂತು. ಆದ್ದರಿಂದ ನಾವು ಕೇಳಿ ತಿಳಿದದ್ದನ್ನು, ಓದಿ ಪರಿಶೀಲಿಸಿದ್ದನ್ನು ಮಾತ್ರ ಹೇಳುತ್ತೇವೆ. ತಪ್ಪಿದ್ದರೆ ತಿದ್ದಲು ವೈದ್ಯರು ಪಕ್ಕದಲ್ಲೇ ಇದ್ದಾರೆ.

ನಮ್ಮ ಮೊಹಲ್ಲಾದ ಹಿರಿಯರೊಬ್ಬರ ಮನೆಯಲ್ಲಿ ನಡೆದ ಘಟನೆಯಿಂದ ಆರಂಭಿಸೋಣ. ಇದನ್ನು ಹೇಳಲು ಅವರೇ ಅನುಮತಿ ಕೊಟ್ಟಿದ್ದಾರೆ. ಅನುಮತಿಯೇನು, ಹೇಳಲೇಬೇಕೆಂದು ಒತ್ತಾಯಿಸಿದ್ದಾರೆ. ಅರುವತ್ತು ದಾಟಿದವರು. ದಿನಸಿ ಅಂಗಡಿ ನಡೆಸಿ ಮಕ್ಕಳನ್ನು ಓದಿಸಿದವರು. ಹಲವು ವರ್ಷ ಮಸೀದಿಯ ಲೆಕ್ಕ ನೋಡಿಕೊಂಡವರು. ಗಲ್ಫ್‌ನಲ್ಲಿರುವ ಮಗ ಒತ್ತಾಯಿಸಿದ್ದರಿಂದ ಅವರು ಖಾಸಗಿ ಪ್ರಯೋಗಾಲಯವೊಂದರ 'ಸಂಪೂರ್ಣ ತಪಾಸಣೆ' ಪ್ಯಾಕೇಜ್ ಮಾಡಿಸಿಕೊಂಡರು. ಎಂಟು ಪುಟಗಳ ವರದಿ ಬಂತು. ಅದರಲ್ಲಿ ಒಂದು ಸಂಖ್ಯೆ ಮಾತ್ರ ದಪ್ಪ ಅಕ್ಷರದಲ್ಲಿತ್ತು: ಜಿಜಿಟಿ, 94. ಮಿತಿಗಿಂತ ಬಹಳ ಹೆಚ್ಚು. ವರದಿಯನ್ನು ಮೊಬೈಲಿನಲ್ಲಿ ನೋಡಿದ ಮಗ ಆ ಮೂರಕ್ಷರಗಳನ್ನು ಹುಡುಕಿದ. ಮೊದಲು ಸಿಕ್ಕ ಕಾರಣವೇ ಮದ್ಯಪಾನ.

ಮಗ ತಂದೆಯನ್ನು ಕೇಳಲಿಲ್ಲ, ತಾಯಿಗೆ ಫೋನ್ ಮಾಡಿದ. ತಾಯಿ ಸೊಸೆಗೆ ಹೇಳಲಿಲ್ಲ, ಆದರೆ ಸೊಸೆಗೆ ಗೊತ್ತಾಯಿತು. ನಾಲ್ಕು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಐದನೆಯ ರಾತ್ರಿ ಪತ್ನಿ, ನಲವತ್ತು ವರ್ಷ ಜೊತೆಗೆ ಬಾಳಿದಾಕೆ, ಅಂಗಡಿ ಮುಚ್ಚಿದ ಮೇಲೆ ಎಲ್ಲಿಗಾದರೂ ಹೋಗುತ್ತೀರಾ ಎಂದು ಕೇಳಿದರು. ಜೀವನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ ಆ ಪ್ರಶ್ನೆಯನ್ನು ಕೇಳಿಸಿಕೊಂಡರು. ತಮ್ಮ ಕಣ್ಣು ಹೋದದ್ದಕ್ಕಿಂತ ಆ ರಾತ್ರಿಯೇ ಹೆಚ್ಚು ನೋವು ಕೊಟ್ಟಿತು ಎಂದು ಈಗಲೂ ಅವರು ಹೇಳುತ್ತಾರೆ.

ಹೌದು, ಅವರ ಒಂದು ಕಣ್ಣಿನ ದೃಷ್ಟಿಗೆ ಏಟು ಬಿತ್ತು. ಆ ಎಂಟು ಪುಟಗಳ ಮೇಲೆ ಪಿನ್ನು ಹಾಕಿದ ಒಂದು ಸಣ್ಣ ಚೀಟಿಯಿತ್ತು. ರಕ್ತ ತೆಗೆಯುವ ಮೊದಲು ದಾದಿಯೊಬ್ಬರು ಪೆನ್ನಿನಲ್ಲಿ ಬರೆದದ್ದು: 176/104. ಮುದ್ರಿತವಾಗಿರಲಿಲ್ಲ, ದಪ್ಪ ಅಕ್ಷರದಲ್ಲಿರಲಿಲ್ಲ, ಆದ್ದರಿಂದ ಯಾರೂ ಓದಲಿಲ್ಲ. ಮಗ ಓದಲಿಲ್ಲ, ಸೊಸೆ ಓದಲಿಲ್ಲ, ಮನೆಗೆ ಬಂದಾಗ ಅದೇ ವರದಿಯನ್ನು ಕೈಯಲ್ಲಿ ಹಿಡಿದು ನೋಡಿದ ನಾವೂ ಓದಲಿಲ್ಲ. ನಾಲ್ಕು ತಿಂಗಳಾದ ಬಳಿಕ ಒಂದು ದಿನ ಫಜ್ರ್ ನಮಾಝ್ ಮುಗಿಸಿ ಹೊರಬರುವಾಗ ಅವರ ಬಲಗಣ್ಣಿನ ಕೆಳಭಾಗಕ್ಕೆ ಹೊಗೆಯ ಪರದೆ ಕವಿದಂತಾಯಿತು. ಮೆಟ್ಟಿಲು ಕಾಣಿಸದೆ ಎಡವಿದರು. ಅಕ್ಷಿಪಟಲದ ಅಭಿಧಮನಿಯ ಒಂದು ಕವಲು ಮುಚ್ಚಿ ಒಳಗೆ ರಕ್ತ ಸೋರಿದೆ, ಇದಕ್ಕೆ ಬಹುದಿನಗಳ ಅಧಿಕ ರಕ್ತದೊತ್ತಡ ಕಾರಣ ಎಂದರು ನೇತ್ರವೈದ್ಯರು. ಕಣ್ಣಿಗೆ ಚುಚ್ಚುಮದ್ದು ಕೊಡಿಸಲಾಯಿತು. ಸ್ವಲ್ಪ ದೃಷ್ಟಿ ಮರಳಿತು, ಪೂರ್ತಿ ಮರಳಲಿಲ್ಲ.

ಇಂದಿನ ನಮ್ಮ ಮಾತೆಲ್ಲ ಆ ದಪ್ಪ ಅಕ್ಷರದ ಸಂಖ್ಯೆ ಮತ್ತು ಆ ಪೆನ್ನಿನ ಚೀಟಿ, ಇವೆರಡರ ಬಗ್ಗೆ.

ಕಿಣ್ವ ಎಂದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು. ನಮ್ಮ ಬಾಯಲ್ಲಿ ಅನ್ನ ಸಿಹಿಯಾಗುವುದು ಜೊಲ್ಲಿನ ಕಿಣ್ವದಿಂದ. ಹೆಚ್ಚಿನ ಕಿಣ್ವಗಳ ಜಾಗ ಜೀವಕೋಶದ ಒಳಗೆ ಅಥವಾ ಅದರ ಹೊದಿಕೆಯ ಮೇಲೆ. ಕೋಶಕ್ಕೆ ಪೆಟ್ಟು ಬಿದ್ದಾಗ ಅಥವಾ ಅದರ ಮೇಲೆ ಒತ್ತಡ ಹೆಚ್ಚಿದಾಗ ಅವು ಅಧಿಕ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತವೆ. ಆದ್ದರಿಂದಲೇ ರಕ್ತದಲ್ಲಿ ಅವುಗಳನ್ನು ಅಳೆದು ತೊಂದರೆ ಎಲ್ಲಿದೆಯೆಂದು ಊಹಿಸುತ್ತಾರೆ. ಊಹೆ ಎಂಬ ಪದವನ್ನು ನಾವು ಬೇಕೆಂದೇ ಬಳಸಿದ್ದೇವೆ. ಜಿಜಿಟಿ, ಅಂದರೆ ಗಾಮಾ ಗ್ಲುಟಮೈಲ್ ಟ್ರಾನ್ಸ್‌ಫರೇಸ್, ಮುಖ್ಯವಾಗಿ ಯಕೃತ್ತು ಮತ್ತು ಪಿತ್ತನಾಳಗಳಿಂದ ರಕ್ತಕ್ಕೆ ಬರುವ ಕಿಣ್ವ. ಮದ್ಯ ಸೇವಿಸುವವರಲ್ಲಿ ಇದು ಏರುತ್ತದೆ ಎಂಬುದು ನಿಜ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಏರುತ್ತದೆ, ಮಧುಮೇಹ ಮತ್ತು ಬೊಜ್ಜಿನಲ್ಲೂ ಏರುತ್ತದೆ, ಮೂರ್ಛೆರೋಗದ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಾಗ ಏರುವುದಂತೂ ಬಹಳ ಸಾಮಾನ್ಯ.

ಈ ಕೊನೆಯದಕ್ಕೆ ಒಂದು ಇತಿಹಾಸವಿದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಜರ್ಗನ್ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ 20 ರೋಗಿಗಳ ಯಕೃತ್ತನ್ನು ಪರೀಕ್ಷಿಸಿ, ಕುಡುಕರ ಯಕೃತ್ತಿನಲ್ಲಿ ಕಾಣುವ ಬದಲಾವಣೆಗಳೇ ಕುಡಿತದ ಚರಿತ್ರೆಯಿಲ್ಲದವರಲ್ಲೂ ಕಂಡದ್ದನ್ನು ವರದಿ ಮಾಡಿದರು. ಅದಕ್ಕೆ ಆಗ ಹೆಸರೇ ಇರಲಿಲ್ಲ. ಮದ್ಯದಿಂದಲ್ಲದ ಯಕೃತ್ತಿನ ಉರಿಯೂತ ಎಂಬರ್ಥದ ಹೆಸರನ್ನು ಅವರು ಕೊಟ್ಟರು. ರೋಗಕ್ಕೆ ಕೊಟ್ಟ ಹೆಸರಿನಲ್ಲೂ 'ಮದ್ಯ' ಎಂಬ ಪದ ಉಳಿದುಬಿಟ್ಟಿತು ನೋಡಿ. 2023ರಲ್ಲಿ ಅಂತಾರಾಷ್ಟ್ರೀಯ ಯಕೃತ್ ತಜ್ಞರ ಸಂಘಟನೆಗಳು ಸೇರಿ ಕೊಬ್ಬಿನ ಯಕೃತ್ತಿನ ಕಾಯಿಲೆಯ ಹೆಸರನ್ನೇ ಬದಲಿಸಿದವು. ಹಳೆಯ ಹೆಸರು ರೋಗಿಗಳಿಗೆ ಕಳಂಕ ಹಚ್ಚುತ್ತದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಭಾರತ ಸರಕಾರ 2021ರಲ್ಲೇ ಈ ಕಾಯಿಲೆಯನ್ನು ತನ್ನ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿದೆ. ನಮ್ಮ ಹಿರಿಯರಿಗೆ ಇದ್ದದ್ದೂ ಇದೇ. ಕೂತು ಮಾಡುವ ವ್ಯಾಪಾರ, ಸಿಹಿ ಚಹಾ, ದೊಡ್ಡ ಹೊಟ್ಟೆ. ಇವಕ್ಕೆ ಸಾಕ್ಷಿ ಹೇಳಿದ ಕಿಣ್ವವನ್ನು ಮನೆಯವರು ಅವರ ಚಾರಿತ್ರ್ಯದ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದರು. ಒಬ್ಬರ ಮೇಲೆ ಆರೋಪ ಹೊರಿಸುವ ಮೊದಲು ಪುರಾವೆ ಬೇಕೆಂದು ಬಾಲ್ಯದಿಂದ ಓದಿಕೊಂಡು ಬಂದ ನಮ್ಮಂಥವರ ಮನೆಗಳಲ್ಲಿ!

ಹಾಗಾದರೆ ಜಿಜಿಟಿಗೂ ರಕ್ತದೊತ್ತಡಕ್ಕೂ ಸಂಬಂಧವೇ ಇಲ್ಲವೇ? ಇದೆ. ಅಮೆರಿಕದ ನಾಲ್ಕು ನಗರಗಳಲ್ಲಿ 1985-86ರಲ್ಲಿ 18ರಿಂದ 30 ವರ್ಷದ ಯುವಕ ಯುವತಿಯರನ್ನು ಆರಿಸಿ, ಅವರ ಆರೋಗ್ಯವನ್ನು ದಶಕಗಳ ಕಾಲ ಹಿಂಬಾಲಿಸಿದ 'ಕಾರ್ಡಿಯಾ' ಎಂಬ ದೊಡ್ಡ ಅಧ್ಯಯನವಿದೆ. 2003ರಲ್ಲಿ ಪ್ರಕಟವಾದ ಅದರ ಒಂದು ವರದಿಯ ಪ್ರಕಾರ, ಜಿಜಿಟಿ ಸಾಮಾನ್ಯ ಮಿತಿಯೊಳಗೇ ಇದ್ದರೂ ಅದರ ಮೇಲ್ಭಾಗದಲ್ಲಿದ್ದವರಿಗೆ ಮುಂದಿನ 15 ವರ್ಷಗಳಲ್ಲಿ ಮಧುಮೇಹವೂ ಅಧಿಕ ರಕ್ತದೊತ್ತಡವೂ ಹೆಚ್ಚಾಗಿ ಬಂದವು. ಈ ಕಿಣ್ವ ಗ್ಲುಟಥಯೋನ್ ಎಂಬ ರಕ್ಷಕ ವಸ್ತುವಿನೊಂದಿಗೆ ಕೆಲಸ ಮಾಡುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವಂಥದೇ ಒಂದು ಸವೆತ ದೇಹದ ಕೋಶಗಳಲ್ಲೂ ನಡೆಯುತ್ತದೆ. ಅದನ್ನು ತಡೆಯುವುದು ಗ್ಲುಟಥಯೋನ್. ಸವೆತ ಹೆಚ್ಚಾದಂತೆ ಕಿಣ್ವವೂ ಏರುತ್ತದೆ, ರಕ್ತನಾಳಗಳ ಒಳಪದರವೂ ಹಾಳಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಕಣ್ಣಿನ ಹಾನಿಯನ್ನೂ ಇಂತಹ ಕಿಣ್ವಗಳಿಂದ ಮೊದಲೇ ಗುರುತಿಸಬಹುದೇ ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ಹುಡುಕಲಿ. ಆದರೆ ಜಿಜಿಟಿ ನೋಡಿ 'ನಿಮ್ಮ ಕಣ್ಣು ಕೆಟ್ಟಿದೆ' ಎನ್ನುವ ವೈದ್ಯರು ಇಂದು ಯಾರೂ ಇಲ್ಲ. 'ಜಿಜಿಟಿ ಸರಿಯಿದೆ, ನಿಮ್ಮ ಕಣ್ಣು ಕ್ಷೇಮ' ಎನ್ನಲೂ ಸಾಧ್ಯವಿಲ್ಲ. ಕಣ್ಣನ್ನು ತಿಳಿಯಬೇಕಾದರೆ ಕಣ್ಣನ್ನೇ ನೋಡಬೇಕು.

ನೋಡುವುದು ಹೇಗೆ? ಕಣ್ಣಿನ ಪಾಪೆ ಕಪ್ಪಾಗಿ ಕಾಣುತ್ತದೆ. ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಆ ದಾರಿಯಲ್ಲಿ ನಾವು ತಲೆಯಿಟ್ಟು ನೋಡಹೊರಟರೆ ಬೆಳಕನ್ನೇ ತಡೆದುಬಿಡುತ್ತೇವೆ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಓರೆಯಾಗಿಟ್ಟ ಗಾಜಿನಿಂದ ಬೆಳಕನ್ನು ಒಳಕ್ಕೆ ಪ್ರತಿಫಲಿಸಿ, ಅದೇ ಗಾಜಿನ ಮೂಲಕ ಹಿಂದಿನಿಂದ ನೋಡುವ ಉಪಕರಣವನ್ನು ಪ್ರಕಟಿಸಿದರು. ಬದುಕಿರುವ ಮನುಷ್ಯನ ಕಣ್ಣಿನ ಹಿಂಗೋಡೆ ಕಂಡಿತು. ಚರ್ಮ ಸೀಳದೆ ರಕ್ತನಾಳಗಳನ್ನು ನೇರವಾಗಿ ಕಾಣಬಹುದಾದ ದೇಹದ ಕಿಟಕಿ ಇದು. (ಬೆಳಕು ಕಣ್ಣಿನಿಂದ ಹೊರಡುವುದಿಲ್ಲ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಹನ್ನೊಂದನೆಯ ಶತಮಾನದಲ್ಲಿ ವಾದಿಸಿದ ಇಬ್ನುಲ್ ಹೈಸಮ್‌ರ ಹೆಸರನ್ನು ಹೇಳಲು ನಮ್ಮ ವೇದಿಕೆಗಳು ಎಂದೂ ದಣಿಯುವುದಿಲ್ಲ. ಹಾಗೆ ಹೆಸರು ಹೇಳಿ ಮನೆಗೆ ಹೋದ ನಾವು, ನಮ್ಮ ಅಮ್ಮನ ಕಣ್ಣನ್ನು ಕೊನೆಯ ಸಲ ಯಾವಾಗ ತೋರಿಸಿದ್ದೇವೆ ಎಂಬುದನ್ನು ನೆನಪಿಸಿಕೊಳ್ಳುವುದು ಒಳಿತು.)

ಆ ಕಿಟಕಿಯಲ್ಲಿ ವೈದ್ಯರು ಕಾಣುವುದೇನು? ರಕ್ತದೊತ್ತಡ ಏರಿದಾಗ ಸಣ್ಣ ಅಪಧಮನಿಗಳು ತಮ್ಮನ್ನು ತಾವೇ ಬಿಗಿಹಿಡಿದುಕೊಳ್ಳುತ್ತವೆ, ಕಿರಿದಾಗುತ್ತವೆ. ವರ್ಷಗಳು ಕಳೆದಂತೆ ಅವುಗಳ ಗೋಡೆ ದಪ್ಪಗಾಗಿ ಗಡುಸಾಗಿ ತಾಮ್ರದ ತಂತಿಯಂತೆ ಹೊಳೆಯತೊಡಗುತ್ತದೆ. ಅಪಧಮನಿ ಅಭಿಧಮನಿಯನ್ನು ದಾಟಿಹೋಗುವಲ್ಲಿ ಕೆಳಗಿನ ಮೆದು ನಾಳವನ್ನು ಒತ್ತುತ್ತದೆ. ನಮ್ಮ ಹಿರಿಯರ ಕಣ್ಣಿನಲ್ಲಿ ಮುಚ್ಚಿದ್ದು ಇಂಥದೇ ಒಂದು ದಾಟು. ಒತ್ತಡ ಇನ್ನೂ ಏರಿದರೆ ನಾಳದ ಗೋಡೆ ಸೋರುತ್ತದೆ, ರಕ್ತದ ಗೆರೆಗಳು ಕಾಣುತ್ತವೆ, ರಕ್ತ ಸಿಗದೆ ಸೊರಗಿದ ನರತಂತುಗಳು ಹತ್ತಿಯ ಉಂಡೆಗಳಂತೆ ಬೆಳ್ಳಗಾಗುತ್ತವೆ. ಕೊನೆಯ ಹಂತದಲ್ಲಿ ದೃಷ್ಟಿನರದ ತುದಿಯೇ ಊದಿಕೊಳ್ಳುತ್ತದೆ. ಮೊದಲ ಹಂತಗಳಲ್ಲಿ ರೋಗಿಗೆ ಏನೂ ತಿಳಿಯುವುದಿಲ್ಲ. ಅಕ್ಷಿಪಟಲಕ್ಕೆ ನೋವಿನ ನರಗಳಿಲ್ಲ. 'ನನಗೆ ಚೆನ್ನಾಗಿಯೇ ಕಾಣುತ್ತದೆ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

1939ರಲ್ಲಿ ಮೇಯೊ ಕ್ಲಿನಿಕ್‌ನವರೇ ಆದ ಕೀತ್, ವ್ಯಾಗನರ್ ಮತ್ತು ಬಾರ್ಕರ್ ಎಂಬ ಮೂವರು ವೈದ್ಯರು ಈ ಬದಲಾವಣೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ರಕ್ತದೊತ್ತಡಕ್ಕೆ ಪರಿಣಾಮಕಾರಿ ಮಾತ್ರೆಗಳಿಲ್ಲದ ಕಾಲವದು. ಮೂರು ವರ್ಷಗಳ ನಂತರ ನೋಡಿದಾಗ ಮೊದಲ ಹಂತದವರಲ್ಲಿ ನೂರಕ್ಕೆ 70 ಮಂದಿ ಬದುಕಿದ್ದರು. ನಾಲ್ಕನೆಯ ಹಂತದವರಲ್ಲಿ ನೂರಕ್ಕೆ 6 ಮಂದಿ. ಅವರು ಸತ್ತದ್ದು ಕಣ್ಣಿನ ಕಾಯಿಲೆಯಿಂದಲ್ಲ. ಕಣ್ಣಿನಲ್ಲಿ ಕಂಡದ್ದು ಮೆದುಳಿನಲ್ಲೂ ಹೃದಯದಲ್ಲೂ ಮೂತ್ರಪಿಂಡದಲ್ಲೂ ನಡೆಯುತ್ತಿತ್ತು. ಇಂದು ಕಾಲ ಬದಲಾಗಿದೆ. ಒತ್ತಡವನ್ನು ಹತೋಟಿಗೆ ತಂದರೆ ಸೋರಿದ ರಕ್ತವೂ ಹತ್ತಿಯ ಚುಕ್ಕೆಗಳೂ ವಾರ ತಿಂಗಳುಗಳಲ್ಲಿ ಕರಗುತ್ತವೆ. ಗಡುಸಾದ ನಾಳ ಮಾತ್ರ ಅಷ್ಟು ಸುಲಭವಾಗಿ ಮೆದುವಾಗುವುದಿಲ್ಲ.

ಈಗ ಹೇಳುವುದನ್ನು ಸಹೋದರಿಯರು ವಿಶೇಷವಾಗಿ ಗಮನಿಸಬೇಕು, ಪುರುಷರು ಅದಕ್ಕಿಂತಲೂ ಹೆಚ್ಚಾಗಿ. ರಕ್ತದ ಕಿಣ್ವ, ಕಣ್ಣು, ರಕ್ತದೊತ್ತಡ, ಈ ಮೂರೂ ಒಂದೇ ದಿನ ಒಂದೇ ದೇಹದಲ್ಲಿ ಕೂಡಿಬರುವ ಸಂದರ್ಭ ಗರ್ಭಾವಸ್ಥೆಯಲ್ಲಿದೆ. ನಮ್ಮ ಅಜ್ಜಿಯಂದಿರು ಇದನ್ನು ನಂಜು ಎನ್ನುತ್ತಿದ್ದರು. ವೈದ್ಯರ ಭಾಷೆಯಲ್ಲಿ ಪ್ರಿ-ಎಕ್ಲಾಂಪ್ಸಿಯಾ. ಸಾಮಾನ್ಯವಾಗಿ 20 ವಾರಗಳ ನಂತರ ರಕ್ತದೊತ್ತಡ ಏರುತ್ತದೆ, ಹೆಚ್ಚಿನವರಲ್ಲಿ ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ. ಅದು ತೀವ್ರವಾದರೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣೆದುರು ಮಿಂಚು ಹಾರುವುದು, ಪಕ್ಕೆಲುಬಿನ ಕೆಳಗೆ ಬಲಭಾಗದಲ್ಲಿ ನೋವು. ಅಪರೂಪಕ್ಕೆ ಅಕ್ಷಿಪಟಲವೇ ಕಳಚಿಕೊಳ್ಳುತ್ತದೆ. ಕೆಲವರಲ್ಲಿ ಕೆಂಪು ರಕ್ತಕಣಗಳು ಒಡೆದು ಎಲ್‌ಡಿಎಚ್ ಎಂಬ ಕಿಣ್ವವೂ, ಯಕೃತ್ತಿಗೆ ಏಟು ಬಿದ್ದು ಅದರ ಕಿಣ್ವಗಳೂ ರಕ್ತದಲ್ಲಿ ಏರುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಇಳಿಯುತ್ತವೆ. 1982ರಲ್ಲಿ ಲೂಯಿಸ್ ವೈನ್‌ಸ್ಟೀನ್ ಎಂಬ ವೈದ್ಯರು ಈ ಮೂರನ್ನೂ ಸೇರಿಸಿ 'ಹೆಲ್ಪ್' ಎಂದು ಹೆಸರಿಟ್ಟರು. ಇಲ್ಲಿ ಕಿಣ್ವದ ಪರೀಕ್ಷೆ ಊಹೆಯ ಮಾತಲ್ಲ. ತಾಯಿಯನ್ನು ಉಳಿಸಲು ಹೆರಿಗೆಯನ್ನು ತಕ್ಷಣ ಮಾಡಿಸಬೇಕೇ ಎಂಬ ನಿರ್ಧಾರಕ್ಕೆ ಅದು ನೆರವಾಗುತ್ತದೆ, ಗಂಟೆಗಳ ಲೆಕ್ಕದಲ್ಲಿ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ಎಂಟು ತಿಂಗಳ ಬಸುರಿ ಸೊಸೆ ಕಣ್ಣು ಕತ್ತಲೆ ಬರುತ್ತದೆ ಎಂದರೆ 'ಯಾರದ್ದೋ ಕಣ್ಣು ತಾಗಿದೆ' ಎಂಬ ಉತ್ತರ ಬರುತ್ತದೆ. ನೀರು ಊದಿಸಿ ತರಲು ಒಬ್ಬರು ಹೋಗುತ್ತಾರೆ. ಗಂಡನಿಗೆ ಫೋನ್ ಹೋಗುತ್ತದೆ, ಅವನು ಡ್ಯೂಟಿಯಲ್ಲಿದ್ದಾನೆ. ನಾಳೆ ನೋಡೋಣ ಎಂದಾಗುತ್ತದೆ. ದುಆ ಮಾಡಬೇಡಿ ಎಂದು ಹೇಳುವವರು ನಾವಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ವಾಹನದಲ್ಲಿ ಕುಳಿತೂ ದುಆ ಮಾಡಬಹುದು. ಹೆರಿಗೆಯಾದ ನಂತರದ ದಿನಗಳಲ್ಲೂ ಈ ಅಪಾಯ ಮುಗಿದಿರುವುದಿಲ್ಲ ಎಂಬುದು ಬಾಣಂತಿಯನ್ನು ನೋಡಿಕೊಳ್ಳುವವರಿಗೆ ಗೊತ್ತಿರಲಿ. ಇನ್ನೊಂದು ಮಾತು. ಎನಲಾಪ್ರಿಲ್, ರಾಮಿಪ್ರಿಲ್ ಮುಂತಾಗಿ 'ಪ್ರಿಲ್' ಎಂದು ಕೊನೆಯಾಗುವ ಮಾತ್ರೆಗಳು ಒಂದು ಕಿಣ್ವವನ್ನೇ ತಡೆದು ರಕ್ತದೊತ್ತಡ ಇಳಿಸುತ್ತವೆ. ಒಳ್ಳೆಯ ಮಾತ್ರೆಗಳು, ಆದರೆ ಗರ್ಭಿಣಿಯರಿಗೆ ಸಲ್ಲವು, ಮಗುವಿಗೆ ಹಾನಿ. ಅತ್ತೆಯ ಮಾತ್ರೆಯನ್ನು ಸೊಸೆಗೆ ಕೊಡುವ ಪದ್ಧತಿ ನಿಲ್ಲಬೇಕು.

ಎಷ್ಟು ಜನರ ಪ್ರಶ್ನೆ ಇದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ಮೀರಿದ ಮಹಿಳೆಯರಲ್ಲಿ ಶೇ. 21.3, ಪುರುಷರಲ್ಲಿ ಶೇ. 24 ಮಂದಿಗೆ ರಕ್ತದೊತ್ತಡ ಹೆಚ್ಚಿತ್ತು ಅಥವಾ ಅವರು ಅದಕ್ಕೆ ಮಾತ್ರೆ ಸೇವಿಸುತ್ತಿದ್ದರು. ಅಂದರೆ ಸರಿಸುಮಾರು ಪ್ರತಿಯೊಂದು ಮನೆಯ ಪ್ರಶ್ನೆ. ಜಗತ್ತಿನಲ್ಲಿ ಅಧಿಕ ರಕ್ತದೊತ್ತಡವಿರುವ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅದು ತಮಗಿದೆಯೆಂದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು.

ಇಲ್ಲಿ ರಾಜಕೀಯದ ಒಂದೆರಡು ಮಾತು ಅನಿವಾರ್ಯ. ನಮ್ಮ ದೇಶ 1976ರಲ್ಲೇ ಅಂಧತ್ವ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ದಶಕಗಳ ಕಾಲ ಅದರ ಗಮನ ಮುಖ್ಯವಾಗಿ ಕಣ್ಣಿನ ಪೊರೆಯ ಮೇಲೆ ನೆಟ್ಟಿತ್ತು. ಆ ಕಾಲದ ಅಗತ್ಯವೇ ಅದಾಗಿತ್ತು, ಅದರಿಂದ ಲಕ್ಷಾಂತರ ಮಂದಿಗೆ ದೃಷ್ಟಿ ಬಂತು. ಆದರೆ ಪೊರೆ ತೆಗೆದರೆ ಮರಳುವ ದೃಷ್ಟಿ ಬೇರೆ, ಅಕ್ಷಿಪಟಲ ಹಾಳಾಗಿ ಹೋದ ದೃಷ್ಟಿ ಬೇರೆ. ಚುನಾವಣೆ ಬಂದಾಗ ನಾವು ಅಭ್ಯರ್ಥಿಗಳ ಮುಂದಿಡುವ ಬೇಡಿಕೆಗಳನ್ನು ನೆನಪಿಸಿಕೊಳ್ಳಿ: ಸಮುದಾಯ ಭವನ, ಖಬರಸ್ತಾನದ ಆವರಣ ಗೋಡೆ, ರಸ್ತೆ. ತಾಲೂಕು ಆಸ್ಪತ್ರೆಗೆ ಅಕ್ಷಿಪಟಲದ ಚಿತ್ರ ತೆಗೆಯುವ ಕ್ಯಾಮರಾ ಬೇಕೆಂದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗಬೇಕಾದ ರಕ್ತದೊತ್ತಡದ ಮಾತ್ರೆ ತಿಂಗಳ ನಡುವೆ ಮುಗಿದುಹೋಗಬಾರದೆಂದು ನಮ್ಮಲ್ಲಿ ಯಾರು ಕೇಳಿದ್ದಾರೆ? ಅತ್ತ ಖಾಸಗಿಯವರು ಎಪ್ಪತ್ತು ಎಂಬತ್ತು ಪರೀಕ್ಷೆಗಳ ಪ್ಯಾಕೇಜನ್ನು ಹಬ್ಬದ ರಿಯಾಯಿತಿಯಲ್ಲಿ ಮಾರುತ್ತಾರೆ. ಸಂಖ್ಯೆ ಹೆಚ್ಚಿದ್ದಷ್ಟೂ ಆರೋಗ್ಯ ಹೆಚ್ಚು ಎಂಬ ಭ್ರಮೆ ಬಟ್ಟೆ ಅಂಗಡಿಯ ಗ್ರಾಹಕರಂತೆ ನಮ್ಮನ್ನೂ ಹಿಡಿದಿದೆ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವುದಕ್ಕೆ ಎರಡು ನಿಮಿಷ ಸಾಕು, ಹೆಚ್ಚಿನ ಕಡೆ ದುಡ್ಡೂ ಇಲ್ಲ. ಪುಕ್ಕಟೆ ಸಿಗುವುದನ್ನು ಪರೀಕ್ಷೆಯೆಂದೇ ನಾವು ಪರಿಗಣಿಸುವುದಿಲ್ಲ.

ಯಾರೆಲ್ಲ ಕಣ್ಣು ತೋರಿಸಬೇಕು ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ಸೌಮ್ಯ ರಕ್ತದೊತ್ತಡವಿರುವ ಪ್ರತಿಯೊಬ್ಬರಿಗೂ ವರ್ಷ ವರ್ಷ ಅಕ್ಷಿಪಟಲದ ಪರೀಕ್ಷೆ ಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಏಕಾಭಿಪ್ರಾಯವಿಲ್ಲ. ಜೊತೆಗೆ ಮಧುಮೇಹವಿದ್ದವರಿಗೆ ಬೇಕು, ಒತ್ತಡ ಬಹಳ ಏರಿದವರಿಗೆ ಬೇಕು, ದೃಷ್ಟಿಯಲ್ಲಿ ಏನೇ ಬದಲಾವಣೆ ಕಂಡವರಿಗೆ ಆ ದಿನವೇ ಬೇಕು. ಮಾತ್ರೆ ಶುರುಮಾಡಿದರೆ ಜೀವನಪೂರ್ತಿ ಬಿಡಲಾಗದು ಎಂಬ ಭಯದಿಂದ ಶುರುಮಾಡದೆ ಇರುವವರು ನಮ್ಮ ನಡುವೆ ಅನೇಕರಿದ್ದಾರೆ. ಕನ್ನಡಕವನ್ನೂ ಜೀವನಪೂರ್ತಿ ಹಾಕುತ್ತೇವೆ, ಯಾರೂ ಹೆದರುವುದಿಲ್ಲ. ರಮಝಾನಿನಲ್ಲಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರು, ಶಅಬಾನಿನಲ್ಲೇ ವೈದ್ಯರ ಬಳಿ ಹೋಗಿ ಸಹರಿ ಇಫ್ತಾರ್‌ಗಳಿಗೆ ಹೊಂದುವ ಸಮಯ ಬರೆಸಿಕೊಳ್ಳಿ. ದಿನಕ್ಕೊಮ್ಮೆ ನುಂಗುವ ಮಾತ್ರೆಗಳು ಎಷ್ಟೋ ಇವೆ. ಇನ್ನು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣಮೀನು, ಉಪ್ಪಿನಕಾಯಿ, ಹಪ್ಪಳ ಒಂದೇ ಊಟದಲ್ಲಿ ಸೇರಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಅಡುಗೆಮನೆಯವರಿಗೆ ಹೇಳಬೇಕಾಗಿಲ್ಲ.

ಭಾಷಣ ಇಲ್ಲಿಗೆ ಸಾಕು, ಸಾಲು ಉದ್ದವಾಗುತ್ತಿದೆ. ಎಡಬದಿಯ ಕೋಣೆಯಲ್ಲಿ ಪುರುಷರಿಗೆ, ಮೇಲಿನ ಮಹಡಿಯಲ್ಲಿ ಮಹಿಳಾ ಸಿಬ್ಬಂದಿಯಿಂದ ಸಹೋದರಿಯರಿಗೆ ತಪಾಸಣೆ ನಡೆಯುತ್ತದೆ. ಒಳಗೆ ಹೋಗುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಸುಮ್ಮನೆ ಕುಳಿತುಕೊಳ್ಳಿ. ಕಾಲು ಮೇಲೆ ಕಾಲು ಹಾಕಬೇಡಿ. ಅರ್ಧ ಗಂಟೆಯೊಳಗೆ ಚಹಾ ಕುಡಿದವರು, ಬೀಡಿ ಸಿಗರೇಟು ಸೇದಿದವರು ಸ್ವಲ್ಪ ಕಾಯಿರಿ. ತೋಳು ಹೃದಯದ ಮಟ್ಟದಲ್ಲಿರಲಿ, ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಿಸಿಕೊಳ್ಳಬೇಡಿ, ಅಳೆಯುವಾಗ ಮಾತಾಡಬೇಡಿ. ಒಮ್ಮೆ ಹೆಚ್ಚು ಬಂದರೆ ಗಾಬರಿ ಬೇಡ, ಇನ್ನೊಮ್ಮೆ ಅಳೆಯುತ್ತಾರೆ, ಬೇರೆ ದಿನವೂ ಬರಹೇಳುತ್ತಾರೆ. ಕಣ್ಣಿಗೆ ಹನಿ ಹಾಕಿಸಿಕೊಂಡವರಿಗೆ ಕೆಲವು ಗಂಟೆ ಮಂಜಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ಅವರು ಸ್ಕೂಟರ್ ಓಡಿಸಬಾರದು, ಜೊತೆಯಲ್ಲಿ ಒಬ್ಬರಿರಲಿ.

ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆದುಕೊಳ್ಳುತ್ತಿರುವವರು ನಾವು ಹೇಳಿದ ಅದೇ ಹಿರಿಯರು. ಅವರ ಎಡಬದಿಗೆ ನಿಂತು, ನಿಧಾನವಾಗಿ ಹೆಸರು ಹೇಳಿ. ಅವರು ಕೊಡುವ ಚೀಟಿಯಲ್ಲಿ ಎರಡು ಸಂಖ್ಯೆ ಬರೆಯಲು ಜಾಗ ಬಿಟ್ಟಿದ್ದಾರೆ. ಅದನ್ನು ಬರೆಸಿಕೊಂಡು ಓದಿದ ನಂತರವೇ ಹೊರಗೆ ಹೋಗಿ.